ನಿಲ್ಲಿಸಿಟ್ಟ ಬೈಕು, ಮಲಗಿದ ಬ್ಯಾಟರಿ

ಕೀ ತಿರುಗಿಸುತ್ತಿದ್ದೇನೆ, ನೋಡಿ. ಮೀಟರ್ ಲೈಟು ಹತ್ತಿತು, ಆಗಲೇ ಮಂಕು. ಈಗ ಸೆಲ್ಫ್ ಒತ್ತುತ್ತೇನೆ. ಟಕ್ ಟಕ್ ಟಕ್ ಟಕ್. ಅಷ್ಟೇ. ಇಂಜಿನ್ ಒಂದು ಸುತ್ತೂ ತಿರುಗಲಿಲ್ಲ.

ಈ ಟಕ್ ಟಕ್ ಬರುತ್ತಿರುವುದು ಸ್ಟಾರ್ಟರ್ ರಿಲೇಯಿಂದ, ಅಂದರೆ ಸ್ಟಾರ್ಟರ್ ಮೋಟಾರಿಗೆ ಕರೆಂಟು ಬಿಡುವ ಸ್ವಿಚ್ಚಿನಿಂದ. ರಿಲೇ ಎಳೆಯಲು ಸ್ವಲ್ಪ ಕರೆಂಟು ಸಾಕು. ಅದು ಎಳೆದ ತಕ್ಷಣ ಮೋಟಾರಿಗೆ ದೊಡ್ಡ ಕರೆಂಟು ಬೇಕು, ಆಗ ವೋಲ್ಟೇಜ್ ಕುಸಿಯುತ್ತದೆ, ರಿಲೇ ಕೈಬಿಡುತ್ತದೆ. ಬಿಟ್ಟ ಮೇಲೆ ವೋಲ್ಟೇಜ್ ಸ್ವಲ್ಪ ಏರುತ್ತದೆ, ಮತ್ತೆ ಎಳೆಯುತ್ತದೆ. ಈ ಶಬ್ದ ಕೇಳಿಸಿದರೆ ಮೊದಲು ಬ್ಯಾಟರಿ ನೋಡಿ, ಆಮೇಲೆ ಟರ್ಮಿನಲ್ ನಟ್ಟು ಸಡಿಲ ಆಗಿದೆಯಾ ನೋಡಿ.

ಕೆಲಸದ ಮೇಲೆ ನಾನು ಏಳು ವಾರ ಊರಲ್ಲಿ ಇರಲಿಲ್ಲ. ಬೈಕು ಅಪ್ಪನ ಸುಪರ್ದಿಯಲ್ಲಿತ್ತು. ಅಪ್ಪ ಪ್ರತಿ ಭಾನುವಾರ ತಪ್ಪದೆ ಕವರ್ ತೆಗೆದು, ಸ್ಟಾರ್ಟ್ ಮಾಡಿ, ನಿಂತಲ್ಲೇ ಐದು ನಿಮಿಷ ಇಂಜಿನ್ ಓಡಿಸಿ ನಿಲ್ಲಿಸುತ್ತಿದ್ದರು. ಮೊದಲ ಎರಡು ಭಾನುವಾರ ಸರಾಗವಾಗಿ ಸ್ಟಾರ್ಟ್ ಆಯಿತಂತೆ. ಮೂರನೇ ವಾರ ಎಳೆದಾಡಿತು. ನಾಲ್ಕನೇ ವಾರ ಈ ಟಕ್ ಟಕ್. "ವಾರ ವಾರ ಸ್ಟಾರ್ಟ್ ಮಾಡಿದ್ದೆನಲ್ಲೋ, ಆದರೂ ಹೀಗಾಯ್ತಲ್ಲ" ಅಂತ ಅಪ್ಪ ತುಂಬಾ ಬೇಜಾರು ಮಾಡಿಕೊಂಡರು.

ಆ ಮಾತಿಗೇ ಈ ವಿಡಿಯೋ. ಯಾಕೆಂದರೆ ಅಪ್ಪ ಮಾಡಿದ್ದು ನಾವೆಲ್ಲ ಮಾಡುವುದೇ, ನಮಗೆಲ್ಲ ಹೇಳಿಕೊಟ್ಟಿರುವುದೇ. ಆದರೆ ಬ್ಯಾಟರಿಗೆ ಅದರಿಂದ ಲಾಭಕ್ಕಿಂತ ನಷ್ಟವೇ ಜಾಸ್ತಿ. ಸೆಲ್ಫ್ ಒತ್ತಿದಾಗ ಸ್ಟಾರ್ಟರ್ ಮೋಟಾರು ಬೈಕಿನಲ್ಲಿರುವ ಬೇರೆ ಯಾವುದಕ್ಕಿಂತಲೂ ಜಾಸ್ತಿ ಕರೆಂಟು ಕುಡಿಯುತ್ತದೆ. ಐಡ್ಲಿಂಗ್‌ನಲ್ಲಿ ನಿಂತಾಗ ಆಲ್ಟರ್ನೇಟರ್, ಅಂದರೆ ಇಂಜಿನ್ ತಿರುಗಿದಾಗ ಕರೆಂಟು ಮಾಡುವ ಭಾಗ, ಕೊಡುವುದು ಕಡಿಮೆ. ಅದರಲ್ಲೂ ಹೆಡ್‌ಲೈಟ್, ಇಂಜಿನ್‌ಗೆ ಪೆಟ್ರೋಲ್ ಕಳಿಸುವ ಪಂಪು, ಇಂಜೆಕ್ಷನ್ ಪಾಲು ಕಳೆದು ಬ್ಯಾಟರಿಗೆ ಉಳಿಯುವುದು ಅತ್ಯಲ್ಪ. ಬ್ಯಾಟರಿ ಪೂರ್ತಿ ತುಂಬಲು ಗಂಟೆಗಟ್ಟಲೆ ಬೇಕು. ಐದು ನಿಮಿಷದಲ್ಲಿ ಸೈಲೆನ್ಸರ್ ಕೂಡ ಸರಿಯಾಗಿ ಬಿಸಿಯಾಗುವುದಿಲ್ಲ, ಒಳಗೆ ನೀರು ಹಾಗೇ ನಿಲ್ಲುತ್ತದೆ. ಸ್ಟಾರ್ಟ್ ಮಾಡುವುದಾದರೆ ರಸ್ತೆಗೆ ತೆಗೆದುಕೊಂಡು ಹೋಗಿ ಅರ್ಧ ಮುಕ್ಕಾಲು ಗಂಟೆ ಓಡಿಸಬೇಕು. ಇಲ್ಲವೇ ಸುಮ್ನೆ ಬಿಡಬೇಕು.

ಇನ್ನು ಮಲ್ಟಿಮೀಟರ್, ವೋಲ್ಟೇಜ್, ಕರೆಂಟು ಅಳೆಯುವ ಸಾಧನ. ಬೈಕ್ ಇರುವವರೆಲ್ಲ ಇದನ್ನು ಇಟ್ಟುಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹನ್ನೆರಡು ವೋಲ್ಟಿನ ಮಾಮೂಲಿ ಸೀಸದ (ಲೆಡ್-ಆಸಿಡ್) ಬ್ಯಾಟರಿ ಅಂದರೆ ಒಳಗೆ 6 ಸೆಲ್, ಒಂದೊಂದಕ್ಕೆ ಸುಮಾರು 2.1 ವೋಲ್ಟ್. ಹಾಗಾಗಿ ಪೂರ್ತಿ ತುಂಬಿ, ಕೆಲವು ಗಂಟೆ ವಿಶ್ರಾಂತಿ ಪಡೆದ ಬ್ಯಾಟರಿ 12.6ರಿಂದ 12.8 ತೋರಿಸಬೇಕು. 12.2 ಅಂದರೆ ಹೆಚ್ಚು ಕಡಿಮೆ ಅರ್ಧ ಖಾಲಿ. "12 ಇದೆಯಲ್ಲ, ಹನ್ನೆರಡು ವೋಲ್ಟಿನದೇ ತಾನೇ" ಅಂತ ಸಮಾಧಾನ ಪಡಬೇಡಿ. 12 ಅಂದರೆ ಮುಕ್ಕಾಲು ಪಾಲು ಖಾಲಿ. ನನ್ನದು, ನೋಡಿ, 10.9.

ಯಾರು ಕುಡಿದದ್ದು? ಸುಮ್ಮನೆ ಇಟ್ಟ ಒಳ್ಳೆ ಬ್ಯಾಟರಿ ತಾನಾಗಿ ತಿಂಗಳಿಗೆ ಸುಮಾರು ನೂರಕ್ಕೆ ಮೂರರಿಂದ ಐದರಷ್ಟು ಕಳೆದುಕೊಳ್ಳುತ್ತದೆ. ಬಿಸಿಲಲ್ಲಿ ನಿಂತರೆ ಇನ್ನೂ ಜಾಸ್ತಿ. ಆದರೂ ನಾಲ್ಕು ವಾರಕ್ಕೆ ಮಲಗುವಷ್ಟಲ್ಲ. ಹಾಗಾಗಿ ಕರೆಂಟು ಎಲ್ಲಿ ಸೋರುತ್ತಿದೆ ಅಂತ ಹುಡುಕಲು ಕೂತೆ. ಬ್ಯಾಟರಿಗೆ ಮೊದಲು ಒಂದಿಷ್ಟು ಚಾರ್ಜ್ ಕೊಟ್ಟೆ. ಕೀ ಆಫ್. ನೆಗೆಟಿವ್ ವೈರ್ ಬಿಚ್ಚಿ, ಆ ವೈರಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಮೀಟರ್ ಸೇರಿಸಿದೆ. ಮೊದಲು 10 ಆಂಪ್ ರೇಂಜ್‌ನಲ್ಲಿ ನೋಡಿ, ಕಡಿಮೆ ಇದೆ ಅಂತ ಖಾತ್ರಿಯಾದ ಮೇಲೆ ಮಿಲಿಆಂಪ್‌ಗೆ ಬಂದೆ. ಮೀಟರ್ ಹೀಗೆ ಸಿಕ್ಕಿಸಿರುವಾಗ ಅಪ್ಪಿತಪ್ಪಿಯೂ ಕೀ ಆನ್ ಮಾಡಬೇಡಿ, ಸೆಲ್ಫ್ ಮುಟ್ಟಬೇಡಿ. ಮೀಟರಿನ ಫ್ಯೂಸ್ ಹೋಗುತ್ತದೆ.

15 ಮಿಲಿಆಂಪ್. ನಾನು ಆಮೇಲೆ ಹಾಕಿಸಿದ ಜಿಪಿಎಸ್ ಟ್ರ್ಯಾಕರ್‌ನ ಫ್ಯೂಸ್ ಕಿತ್ತೆ. ಅಂಕಿ ಅಲ್ಲೇ 1ಕ್ಕೆ ಇಳಿಯಿತು. ಕಳ್ಳ ಸಿಕ್ಕ.

ಲೆಕ್ಕ ಹಾಕಿ. 15 ಮಿಲಿಆಂಪ್ ಅಂದರೆ ದಿನಕ್ಕೆ 0.36 ಆಂಪ್-ಅವರ್ (ಒಂದು ಆಂಪ್-ಅವರ್ ಅಂದರೆ ಒಂದು ಆಂಪ್ ಒಂದು ಗಂಟೆ ಹರಿದಷ್ಟು). ಮೂರು ವಾರಕ್ಕೆ ಏಳೂವರೆ. ನನ್ನ ಬ್ಯಾಟರಿ ಇರುವುದೇ 8 ಆಂಪ್-ಅವರ್. ಅಪ್ಪನ ಐದು ನಿಮಿಷ ಇದನ್ನು ತುಂಬಿಕೊಡುವ ಮಾತೇ ಇರಲಿಲ್ಲ. ಗಡಿಯಾರ, ಇಸಿಯು (ಇಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಇವು ಕುಡಿಯುವ ಒಂದೆರಡು ಮಿಲಿಆಂಪ್ ಸಹಜ. ಅಲಾರಂ, ಟ್ರ್ಯಾಕರ್, ನೇರವಾಗಿ ಬ್ಯಾಟರಿಗೆ ಕೊಟ್ಟ ಮೊಬೈಲ್ ಚಾರ್ಜರ್, ಇವುಗಳ ಮೇಲೆ ಕಣ್ಣಿಡಿ.

ಚಾರ್ಜ್ ಮಾಡಿದರೆ ಮತ್ತೆ ಸರಿಯಾಗಬೇಕಲ್ವಾ? ಇಲ್ಲ. ನನಗೆ ಹೊಟ್ಟೆ ಉರಿದದ್ದು ಇಲ್ಲೇ. ಬ್ಯಾಟರಿ ಖಾಲಿಯಾಗುತ್ತಾ ಹೋದ ಹಾಗೆ ಒಳಗಿನ ಸೀಸದ ತಟ್ಟೆಗಳ ಮೇಲೆ ಲೆಡ್ ಸಲ್ಫೇಟ್ ಕಟ್ಟುತ್ತದೆ. ಹೊಸದರಲ್ಲಿ ಅದರ ಹರಳು ತುಂಬಾ ಸಣ್ಣ, ಚಾರ್ಜ್ ಕೊಟ್ಟರೆ ಕರಗಿ ಹೋಗುತ್ತದೆ. ವಾರಗಟ್ಟಲೆ ಖಾಲಿಯಾಗಿಯೇ ಬಿಟ್ಟರೆ ಹರಳು ಬೆಳೆದು ಗಟ್ಟಿಯಾಗುತ್ತದೆ. ಹಸಿ ಸಿಮೆಂಟ್ ನೀರು ಹಾಕಿದರೆ ಹೋಗುತ್ತದೆ, ಒಣಗಿದ ಮೇಲೆ ಹೋಗುವುದಿಲ್ಲ, ಹಾಗೆ. ನನ್ನದು ನಾಲ್ಕನೇ ವಾರದಿಂದ ಏಳನೇ ವಾರದವರೆಗೆ ಖಾಲಿಯೇ ಬಿದ್ದಿತ್ತು. ರಾತ್ರಿಯಿಡೀ ಚಾರ್ಜ್ ಮಾಡಿದೆ. ಚಾರ್ಜರ್ ತೆಗೆದಾಗ 12.7. ಖುಷಿಪಟ್ಟೆ. ಮರುದಿನ 12.2. ಸೆಲ್ಫ್ ಒತ್ತಿದಾಗ 7.8ಕ್ಕೆ ಬಿತ್ತು. ಹೊಸದು ಹಾಕಲೇಬೇಕಾಯಿತು.

ಹೊಸ ಬ್ಯಾಟರಿ ಕೂರಿಸುವಾಗ ಮೊದಲು ಪಾಸಿಟಿವ್, ಆಮೇಲೆ ನೆಗೆಟಿವ್. ಬಿಚ್ಚುವಾಗ ಉಲ್ಟಾ, ಮೊದಲು ನೆಗೆಟಿವ್. ಯಾಕೆಂದರೆ ನೆಗೆಟಿವ್ ಬೈಕಿನ ಫ್ರೇಮಿಗೆ ಸೇರಿರುತ್ತದೆ. ಅದು ಇರುವಾಗ ಪಾಸಿಟಿವ್ ಬಿಚ್ಚುತ್ತಿರುವ ಸ್ಪ್ಯಾನರ್ ಫ್ರೇಮಿಗೆ ತಾಗಿದರೆ ಕಿಡಿ ಹಾರುತ್ತದೆ, ಕೈಯೂ ಸುಡುತ್ತದೆ. ನಟ್ಟು ಬಿಗಿ ಮಾಡಿದ ಮೇಲೆ ಟರ್ಮಿನಲ್‌ಗೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ನೀರು ಹಾಕುವ ಹಳೆ ಮಾದರಿಯದಾದರೆ ಎರಡು ಗೆರೆಗಳ ಮಧ್ಯೆ ಇರುವ ಹಾಗೆ ಡಿಸ್ಟಿಲ್ಡ್ ವಾಟರ್ ಹಾಕಿ, ನಲ್ಲಿ ನೀರು ಬೇಡ. ಲಿಥಿಯಂ ಬ್ಯಾಟರಿ ಇರುವವರು ಅದಕ್ಕೇ ಅಂತ ಮಾಡಿದ ಚಾರ್ಜರ್ ಬಳಸಿ.

ಎರಡು ವಾರಕ್ಕಿಂತ ಜಾಸ್ತಿ ಬೈಕ್ ನಿಲ್ಲುತ್ತದೆ ಅಂದರೆ ನಾನು ಈಗ ನೆಗೆಟಿವ್ ಬಿಚ್ಚುತ್ತೇನೆ. ಗಡಿಯಾರ ಮತ್ತೆ ಸರಿಮಾಡಬೇಕು, ಟ್ರ್ಯಾಕರ್ ಅಷ್ಟು ದಿನ ಕೆಲಸ ಮಾಡುವುದಿಲ್ಲ, ಅಷ್ಟೇ ತೊಂದರೆ. ಹತ್ತಿರದಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ಬ್ಯಾಟರಿ ಮೇಂಟೇನರ್ ಇನ್ನೂ ಒಳ್ಳೆಯದು. ತುಂಬಿದ ಮೇಲೆ ತಾನೇ ಕರೆಂಟು ತಗ್ಗಿಸಿ, ಬೇಕಾದಷ್ಟೇ ಕೊಡುತ್ತಾ ಇರುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬರಬಹುದು, ಹಾಗಾಗಿ ಗಾಳಿಯಾಡುವ ಜಾಗ ಬೇಕು.

ಕಳೆದ ತಿಂಗಳು ಮತ್ತೆ ಬೇರೆ ಊರಿಗೆ ಹೋಗಬೇಕಾಗಿ ಬಂತು, ಐದು ವಾರಕ್ಕೆ. ನೆಗೆಟಿವ್ ಬಿಚ್ಚಿಟ್ಟು, ಮೀಟರ್ ಅಪ್ಪನ ಕೈಗೆ ಕೊಟ್ಟು, ಎರಡು ಕಡ್ಡಿ ಎಲ್ಲಿಡಬೇಕು ಅಂತ ತೋರಿಸಿ ಹೋದೆ. ಭಾನುವಾರ ಬೆಳಿಗ್ಗೆ ಫೋನ್ ಬರುತ್ತಿತ್ತು. "ಹನ್ನೆರಡು ಪಾಯಿಂಟ್ ಏಳು ಇದೆ ಕಣೋ, ಕವರ್ ಹಾಕ್ತಾ ಇದ್ದೀನಿ."