ಸಡಾದ ಮೇಲೆ ಸಸಿ ಯಾಕ್ರೀ?

ನಮಸ್ಕಾರ. ಇವತ್ತು ಸ್ವಲ್ಪ ಸಿಟ್ಟಿದೆ, ಮೊದಲೇ ಹೇಳಿಬಿಡುತ್ತೇನೆ.

ಪುಣೆ ಕನ್ನಡಿಗರಿಗೆ ಸಾತಾರಾ ಅಂದರೆ ಹುಬ್ಬಳ್ಳಿ ಬಸ್ಸಿನ ಕಿಟಕಿಯಲ್ಲಿ ಕಾಣುವ ಊರು. ಅಲ್ಲಿಂದ ಸುಮಾರು 25 ಕಿಲೋಮೀಟರ್ ಘಟ್ಟ ಹತ್ತಿದರೆ ಕಾಸ್ ಪ್ರಸ್ಥಭೂಮಿ. ಇಂಥ ಬೋಳು ಕಲ್ಲುಹಾಸಿಗೆ ಮರಾಠಿಯವರು 'ಸಡಾ' ಅನ್ನುತ್ತಾರೆ. ಕಲ್ಲು ಬೇರೆಯದಲ್ಲ, ನಮ್ಮ ಕರಾವಳಿಯ ಮುರಕಲ್ಲೇ. ಏಪ್ರಿಲ್‌ನಲ್ಲಿ ಕಾದ ಹಂಚು, ಜುಲೈನಲ್ಲಿ ಕೆಸರಿನ ತಟ್ಟೆ.

ಅಲ್ಲಿ ಮಣ್ಣು ಇರುವುದೇ ನಾಲ್ಕು ಬೆರಳು. ಮಳೆ ಸುರಿದು ಇದ್ದಬದ್ದ ಸಾರವನ್ನೆಲ್ಲ ತೊಳೆದುಬಿಡುತ್ತದೆ. ನೀರು ಇಳಿಯಲ್ಲ, ಬೇರಿಗೆ ಗಾಳಿ ಸಿಗಲ್ಲ. ಸಾರಜನಕಕ್ಕಂತೂ ಬರ. ಗಿಡ ಏನು ಮಾಡಬೇಕು? ಹುಳ ತಿನ್ನಬೇಕು! ಡ್ರೊಸೆರಾ ಅನ್ನುವ ಪುಟ್ಟ ಗಿಡ ಎಲೆಯ ಮೇಲೆ ಅಂಟಿನ ಹನಿ ಹಚ್ಚಿಕೊಂಡು ಕೂರುತ್ತದೆ. 'ಸೀತೆಯ ಕಣ್ಣೀರು' ಅಂತ ನಾವು ಫೋಟೋ ತೆಗೆಯುವ ನೀಲಿ ಹೂವಿದೆಯಲ್ಲ, ಅದರ ಬುಡದಲ್ಲಿ ಪುಟಾಣಿ ಚೀಲಗಳಿವೆ. ನೀರಿನ ಸಣ್ಣ ಜೀವಿ ತಗುಲಿದರೆ ಕಣ್ಣು ಮಿಟುಕಿಸುವುದರೊಳಗೆ ಒಳಗೆ ಎಳೆದುಕೊಳ್ಳುತ್ತವೆ. ಪಾಪ, ಸೀತೆ!

ಐರ್ಲೆಂಡ್, ಸ್ಕಾಟ್ಲೆಂಡ್‌ನ ಬೆಟ್ಟಗಳ ಪೀಟ್ ಜೌಗಿನಲ್ಲೂ ಡ್ರೊಸೆರಾ ಇದೆ. ಅಲ್ಲಿ ಸ್ಫ್ಯಾಗ್ನಮ್ ಪಾಚಿ ನೀರನ್ನು ಹುಳಿ ಮಾಡುತ್ತದೆ. ಚಳಿ ಬೇರೆ. ಸತ್ತ ಗಿಡ ಪೂರ್ತಿ ಕೊಳೆಯುವುದೇ ಇಲ್ಲ, ವರ್ಷಕ್ಕೆ ಹೆಚ್ಚುಕಮ್ಮಿ 1 ಮಿಲಿಮೀಟರ್‌ನಂತೆ ಪೀಟ್ ಆಗಿ ಕೂರುತ್ತದೆ. ಕಾಸ್‌ನಲ್ಲಿ ಪೀಟ್ ಇಲ್ಲ. ಮಳೆ ನಿಂತ ಮೇಲಿನ ತಿಂಗಳುಗಳ ಬಿಸಿಲು ಎಲ್ಲವನ್ನೂ ಪುಡಿ ಮಾಡುತ್ತದೆ. ಆದರೆ ಎರಡು ಕಡೆಯೂ ಹಸಿವು ಒಂದೇ. ಇಲ್ಲಿ ಅದರ ಜೊತೆಗೆ ಅವಸರವೂ ಇದೆ. ಮೂರ್ನಾಲ್ಕು ತಿಂಗಳಲ್ಲಿ ಹುಟ್ಟು, ಹೂವು, ಬೀಜ ಎಲ್ಲ ಮುಗಿಯಬೇಕು. ಸಾತಾರಾದ ಹೆಸರನ್ನೇ ಹೊತ್ತ ಅಪೊನೊಜೆಟಾನ್ ಸಾತಾರೆನ್ಸಿಸ್ ಅನ್ನುವ ಗಿಡ ಗೆಡ್ಡೆಯಾಗಿ ಮಣ್ಣಲ್ಲಿ ಮಲಗಿ ಮುಂದಿನ ಮಳೆಗೆ ಕಾಯುತ್ತದೆ.

2012ರಲ್ಲಿ ಪಶ್ಚಿಮ ಘಟ್ಟದ ಜೊತೆ ಕಾಸ್ ಕೂಡ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ಸರಿ. ಹೆಸರಿಲ್ಲದ ಉಳಿದ ಸಡಾಗಳು? ಸುಮ್ನೆ ಬಂಜರು ಅಂತ ಬರೆದುಬಿಡುತ್ತಾರೆ. ಬಂಜರು ಅಂದಮೇಲೆ ಸಸಿ ನೆಡುವವರು ಬಂದೇ ಬರುತ್ತಾರೆ ಅಲ್ವಾ?

ನಮ್ಮ ಆಫೀಸಿನವರೂ ಒಂದು ಶನಿವಾರ ಹೊರಟರು. ಟೀ ಶರ್ಟ್, ವಡಾಪಾವ್, ಟೆಂಪೋ ತುಂಬ ಕೆಂಪು ಮಣ್ಣು, ಸಗಣಿ ಗೊಬ್ಬರ. ನಾನೂ ಹೋಗಿದ್ದೆ, ಸುಳ್ಳು ಯಾಕೆ. ಹಾರೆಯಿಂದ ಕಲ್ಲು ಒಡೆದು ಬೇವು ನೆಟ್ಟೆವು. ಗೊಬ್ಬರ ಬಿದ್ದರೆ ಹುಲ್ಲು ಜಾಸ್ತಿಯಾಗುತ್ತದೆ, ಬಿಸಿಲೇ ಬೇಕಾದ ಡ್ರೊಸೆರಾ ಅದರ ನೆರಳಲ್ಲಿ ಸಾಯುತ್ತದೆ ಅಂತ ಆಗ ನನಗೂ ಗೊತ್ತಿರಲಿಲ್ಲ.

ಮಾರ್ಚ್‌ನಲ್ಲಿ ಮತ್ತೆ ಹೋಗಿ ನೋಡಿದೆ. ಬೇವು ಒಂದೂ ಉಳಿದಿರಲಿಲ್ಲ. ಗುಂಡಿಗಳಿದ್ದವು. ಪಕ್ಕದಲ್ಲಿ ನಮ್ಮ ಬ್ಯಾನರ್‌ನ ಬಿದಿರು ಕೋಲು ಇನ್ನೂ ನಿಂತಿತ್ತು.