ಪರ್ಸಿ ತಟ್ಟಿ ಕೇಳಿದ ದನಿ

ಅಧ್ಯಕ್ಷರೇ, ಕಲಬುರಗಿಯ ಹಿರಿಯರೇ, ವಿದ್ಯಾರ್ಥಿ ಮಿತ್ರರೇ,

ವಿಜ್ಞಾನ ದಿನದ ಈ ಉಪನ್ಯಾಸಕ್ಕೆಂದು ಸಂಘಟಕರು ಆಕಾಶದ ಚಿತ್ರಗಳನ್ನು ತೋರಿಸಲು ಪರದೆ ಕಟ್ಟಿದ್ದಾರೆ. ಅದನ್ನು ಬಳಸುವುದಿಲ್ಲವೆಂದು ಮೊದಲೇ ಕ್ಷಮೆ ಕೇಳುತ್ತೇನೆ. ವಿಶ್ವದ ಹುಟ್ಟನ್ನು ಹೇಳಲು ನಿಮ್ಮ ಕಾಲಡಿಯ ಶಹಾಬಾದ ಪರ್ಸಿ, ಅಂದರೆ ನೆಲಕ್ಕೆ ಹಾಸಿದ ಈ ಸುಣ್ಣಕಲ್ಲು, ಸಾಕು ಎಂಬುದು ನನ್ನ ಹಳೆಯ ಹಟ.

ಬಹಳ ವರ್ಷಗಳ ಹಿಂದೆ ವಿದ್ಯಾರ್ಥಿಗಳೊಂದಿಗೆ ಶಹಾಬಾದದ ಹತ್ತಿರದ ಒಂದು ಖಣಿಗೆ ಹೋಗಿದ್ದೆ. ಅಲ್ಲಿ ವಯಸ್ಸಾದ ಕೆಲಸಗಾರರೊಬ್ಬರು ಕಲ್ಲಿನ ಅಂಚಿಗೆ ಉಳಿ ಹಿಡಿದು ಸುತ್ತಿಗೆಯಿಂದ ಹಗುರವಾಗಿ ತಟ್ಟುತ್ತ, ಪ್ರತಿ ಪೆಟ್ಟಿಗೂ ತಲೆ ಓರೆಮಾಡಿ ದನಿ ಕೇಳುತ್ತಿದ್ದರು. ದನಿ ಬದಲಾದ ಜಾಗದಲ್ಲಿ ಎರಡು ಪೆಟ್ಟು ಹೆಚ್ಚು ಬಿದ್ದವು. ಒಂದೂವರೆ ಅಂಗುಲ ದಪ್ಪದ ಹಾಸು ಇಡಿಯಾಗಿ ಎದ್ದುಬಂತು. ಇಷ್ಟು ಸಮನಾಗಿ ಹೇಗೆ ಒಡೆಯುತ್ತೀರಿ ಎಂದು ಕೇಳಿದೆ. ‘ಒಡೆಯೋದಲ್ರಿ ಸರ, ಹಾಳಿ ಬಿಡಿಸಿದಂಗ ಬಿಡಿಸಬೇಕ್ರಿ. ಕೆಸರು ಹ್ಯಾಂಗ ಕುಂತದ, ಹಂಗ ಏಳ್ತದ’ ಎಂದರು. ನೀರಿನಡಿ ಕೆಸರು ಪದರಪದರವಾಗಿ ಕುಳಿತು ಗಟ್ಟಿಯಾದ ಜಲಜ ಶಿಲೆಯ ಬಗ್ಗೆ ನಾನು ಒಂದು ವಾರ ಕಪ್ಪುಹಲಗೆಯ ಮುಂದೆ ಹೇಳಿದ್ದೆಲ್ಲ ಅಷ್ಟರಲ್ಲಿ ಮುಗಿದುಹೋಗಿತ್ತು, ಹುಡುಗರು ನನ್ನ ಮುಖ ನೋಡಿ ನಕ್ಕರು.

ಆ ಕೆಸರು ಕುಳಿತದ್ದು ಒಂದು ಹಳೆಯ ಕಡಲಿನ ತಳದಲ್ಲಿ, ಮರವಾಗಲಿ ಮೀನಾಗಲಿ ಇನ್ನೂ ಹುಟ್ಟಿರದ ಕಾಲದಲ್ಲಿ. ಅದರಲ್ಲಿರುವ ಕ್ಯಾಲ್ಸಿಯಂ ಇನ್ನೂ ಹಳೆಯದು. ಸುಮಾರು 1,380 ಕೋಟಿ ವರ್ಷಗಳ ಹಿಂದೆ ಸುಡುಸುಡು ಬಿಸಿಯ ವಿಶ್ವ ಹಿಗ್ಗತೊಡಗಿದ ಮೊದಲ ನಿಮಿಷಗಳಲ್ಲಿ ಹೈಡ್ರೋಜನ್, ಹೀಲಿಯಂ, ಜೊತೆಗೆ ಚಿಟಿಕೆಯಷ್ಟು ಲಿಥಿಯಂ ಬಿಟ್ಟರೆ ಬೇರೆ ಧಾತುಗಳು ಹೆಚ್ಚುಕಡಿಮೆ ಇರಲಿಲ್ಲ. ನೀವು ಎಲೆಗೆ ಹಚ್ಚಿಕೊಳ್ಳುವ ಸುಣ್ಣದ ಕ್ಯಾಲ್ಸಿಯಂ ನಕ್ಷತ್ರಗಳು ಉರಿದು ಸಿಡಿದ ಮೇಲೆ ಬಂದದ್ದು. ಹಾಗಾದರೆ ಆ ಮೊದಲ ಬಿಸಿಗೆ ಸಾಕ್ಷಿ ಏನು? ಅದಕ್ಕೂ ಕಿವಿಗೊಡಬೇಕಾಯಿತು. 1964ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಪೆಂಜಿಯಾಸ್ ಮತ್ತು ವಿಲ್ಸನ್ ತಮ್ಮ ಆ್ಯಂಟೆನಾದಲ್ಲಿ ಎತ್ತ ತಿರುಗಿಸಿದರೂ ನಿಲ್ಲದ ಸದ್ದೊಂದನ್ನು ಗುರುತಿಸಿದರು. ಪಾರಿವಾಳಗಳ ಹಿಕ್ಕೆಯೇ ಕಾರಣವಿರಬಹುದೆಂದು ತೊಳೆದೂ ನೋಡಿದರು, ಸದ್ದು ಹೋಗಲಿಲ್ಲ. ಅದು ವಿಶ್ವದ ಬಾಲ್ಯದಿಂದ ಉಳಿದ ವಿಕಿರಣವಾಗಿತ್ತು.

ಭೂಮಿಯ ಒಳಗನ್ನೂ ನಾವು ಕಂಡಿಲ್ಲ, ಕೇಳಿದ್ದೇವೆ. ರಷ್ಯಾದ ಕೋಲಾದಲ್ಲಿ ಕೊರೆದ ಬಾವಿ 12 ಕಿಲೋಮೀಟರ್ ಇಳಿಯುವಷ್ಟರಲ್ಲಿ ಸೋತಿತು. ಕೇಂದ್ರ ಇರುವುದು 6,371 ಕಿಲೋಮೀಟರ್ ಆಳದಲ್ಲಿ. ಅಲ್ಲಿಯವರೆಗೆ ಹೋಗಿಬರುವುದು ಭೂಕಂಪದ ಅಲೆಗಳು ಮಾತ್ರ. ಅಡ್ಡಡ್ಡ ಅಲುಗುವ ಅಲೆಗಳು ದ್ರವವನ್ನು ದಾಟಲಾರವು. ಸುಮಾರು 2,900 ಕಿಲೋಮೀಟರ್ ಆಳದಲ್ಲಿ ಅವು ನಿಂತುಬಿಡುವುದರಿಂದ ಹೊರಗರ್ಭ, ಅಂದರೆ ಭೂಮಿಯ ತಿರುಳಿನ ಹೊರಭಾಗ, ದ್ರವವೆಂದು ತಿಳಿಯಿತು. ಅದರೊಳಗೆ ಇನ್ನೊಂದು ಗರ್ಭವಿದೆಯೆಂದು 1936ರಲ್ಲಿ ಹೇಳಿದವರು ಡೆನ್ಮಾರ್ಕಿನ ಭೂಕಂಪ ವಿಜ್ಞಾನಿ ಇಂಗೆ ಲೇಮನ್. ನನಗಂತೂ ಅವರ ಹೆಸರು ಬಂದಾಗಲೆಲ್ಲ ಖಣಿಯಲ್ಲಿ ತಲೆ ಓರೆಮಾಡಿ ಕುಳಿತ ಆ ಹಿರಿಯರೇ ನೆನಪಾಗುತ್ತಾರೆ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪಕ್ಕೆ ಹಾಸಿಗೆ ಬಿಟ್ಟು ಅಂಗಳಕ್ಕೆ ಓಡಿದವರು ಈ ಸಭೆಯಲ್ಲಿ ಹಲವರಿದ್ದೀರಿ. ಅಂದು ನಮ್ಮ ಗೋಡೆಗಳನ್ನು ನಡುಗಿಸಿ ಹೋದದ್ದು ಇಂಥವೇ ಅಲೆಗಳು. ಸಾವಿರಾರು ಜನರ ಪ್ರಾಣ ಹೋದ ಆ ಬೆಳಗನ್ನು ಬರೀ ಪಾಠವೆಂದು ಹೇಳಲು ನನಗೆ ನಾಲಿಗೆ ಬರುವುದಿಲ್ಲ.

ಹೊತ್ತಾಯಿತೆಂದು ಅಧ್ಯಕ್ಷರ ಎರಡನೆಯ ಚೀಟಿ ಬಂದಿದೆ. ಬೀದರಿನ ಕೆಂಪು ಜಂಬಿಟ್ಟಿಗೆ, ಅದರಡಿಯ ಸುಮಾರು 6.6 ಕೋಟಿ ವರ್ಷ ಹಳೆಯ ಲಾವಾದ ಕರಿಕಲ್ಲು, ಯಾದಗಿರಿ ಕೋಟೆ ನಿಂತಿರುವ ಗ್ರಾನೈಟ್ ಇವೆಲ್ಲ ನನ್ನ ಕಾಗದದಲ್ಲೇ ಉಳಿದವು. ಚೀಲದಲ್ಲಿ ಮೂರರದೂ ಒಂದೊಂದು ತುಣುಕಿದೆ, ಸಣ್ಣ ಸುತ್ತಿಗೆಯೂ ಇದೆ. ಚಹಾದ ಹೊತ್ತಿಗೆ ಮೇಜಿನ ಮೇಲೆ ಇಡುತ್ತೇನೆ, ತಟ್ಟಿ ನೋಡಿ.