ಹಿಮ ಬಿದ್ದ ದಿನವೂ ಇದೇ ಕಾರು

ನಮಸ್ಕಾರ. ಈ ವೀಡಿಯೊದಲ್ಲಿ ನನ್ನ ಕಾರಿನ ಮೇಲಿನ ಹಿಮವನ್ನು ಗುಡಿಸುವ ದೃಶ್ಯಕ್ಕೆ ವಿವರಣೆ ಬೇಕಿಲ್ಲ. ಆದರೆ ಛಾವಣಿಯನ್ನೂ ಪೂರ್ತಿಯಾಗಿ ಗುಡಿಸುತ್ತಿರುವುದನ್ನು ಗಮನಿಸಿ; ಅಲ್ಲಿ ಹಿಮ ಉಳಿದರೆ ಮೊದಲ ಬ್ರೇಕಿಗೇ ಅದು ಮುಂದಿನ ಗಾಜಿನ ಮೇಲೆ ಜಾರಿ ಬಿದ್ದು ರಸ್ತೆಯನ್ನು ಮರೆಮಾಡುತ್ತದೆ. ಹಿಂದಿನ ಚಕ್ರಗಳಿಗೆ ಮಾತ್ರ ಎಂಜಿನ್ನಿನ ಶಕ್ತಿ ಹೋಗುವ, ನೆಲಕ್ಕೆ ಅಂಟಿದಂತೆ ಕೂತಿರುವ ಇಂಥ ಸ್ಪೋರ್ಟ್ಸ್ ಕಾರಿಗೆ ಚಳಿಗಾಲವಿಡೀ ಹೊದಿಕೆ ಹೊದಿಸಿ ಇಡಬೇಕೆಂದು ಹೇಳುವವರು ಬಹಳ ಮಂದಿ. ನಾನು ಅದನ್ನು ಒಪ್ಪುವುದಿಲ್ಲ. ಈ ಕಾರು ಹಿಮದಲ್ಲಿ ಓಡುತ್ತದೋ ಇಲ್ಲವೋ ಎಂಬುದನ್ನು ಮೊದಲು ನಿರ್ಧರಿಸುವುದು ಟೈರು, ಆಮೇಲೆ ಚಾಲಕರ ಬಲಗಾಲು. ಶಕ್ತಿ ಯಾವ ಚಕ್ರಕ್ಕೆ ಹೋಗುತ್ತದೆ ಎಂಬ ಪ್ರಶ್ನೆ ಬರುವುದು ಇವೆರಡರ ನಂತರ.

ಈಗ ಬಾಗಿಲಿನ ಮಾತು. ಈ ದೃಶ್ಯವನ್ನು ನಾನು ಬೇಕೆಂದೇ ಕತ್ತರಿಸಿಲ್ಲ. ಈ ಕಾರಿನ ಬಾಗಿಲ ಗಾಜಿಗೆ ಸುತ್ತಲೂ ಚೌಕಟ್ಟಿಲ್ಲ. ಹಿಡಿಯನ್ನು ಎಳೆದೊಡನೆ ಗಾಜು ಸುಮಾರು ಒಂದು ಸೆಂಟಿಮೀಟರಿನಷ್ಟು ತಾನಾಗಿ ಕೆಳಗಿಳಿದು ಮೇಲಿನ ರಬ್ಬರ್ ಪಟ್ಟಿಯಿಂದ ಬಿಡಿಸಿಕೊಳ್ಳಬೇಕು, ಬಾಗಿಲು ಮುಚ್ಚಿದ ಮೇಲೆ ಮತ್ತೆ ಏರಿ ಪಟ್ಟಿಯೊಳಗೆ ಕೂರಬೇಕು. ನಿನ್ನೆ ಸಂಜೆ ಕರಗಿದ ಹಿಮದ ನೀರು ಆ ಪಟ್ಟಿಯೊಳಗೆ ಇಳಿದು, ರಾತ್ರಿಯಲ್ಲಿ ಹೆಪ್ಪುಗಟ್ಟಿ, ಗಾಜನ್ನು ಅಲುಗಾಡದಂತೆ ಹಿಡಿದುಬಿಟ್ಟಿದೆ. ಮೋಟಾರು ನರಳುವ ಶಬ್ದ ನಿಮಗೂ ಕೇಳುತ್ತಿರಬೇಕು. ಬಲವಾಗಿ ಎಳೆದರೆ ಬಾಗಿಲು ತೆರೆದುಕೊಳ್ಳಬಹುದು, ಆದರೆ ರಬ್ಬರ್ ಹರಿಯುತ್ತದೆ, ಇಲ್ಲವೇ ಗಾಜನ್ನು ಇಳಿಸುವ ಯಂತ್ರ ಕೆಡುತ್ತದೆ. ಹಾಗೂ ಹೀಗೂ ತೆರೆದು ಒಳಗೆ ಕುಳಿತಿರೆಂದುಕೊಳ್ಳಿ, ಆಗ ಬಾಗಿಲು ಮುಚ್ಚುವುದಿಲ್ಲ. ಇಳಿಯದೆ ಉಳಿದ ಗಾಜು ಛಾವಣಿಯ ಅಂಚಿಗೆ ಬಡಿಯುತ್ತದೆ. ಬಿಸಿನೀರು ಸುರಿಯುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ಬಿಟ್ಟುಬಿಡಿ, ಏಕೆಂದರೆ ತಣ್ಣಗಿನ ಗಾಜು ಬಿರುಕು ಬಿಡಬಹುದು, ಹರಿದ ನೀರು ಮತ್ತೆ ಅಲ್ಲೇ ಹೆಪ್ಪುಗಟ್ಟುತ್ತದೆ. ಅದೃಷ್ಟಕ್ಕೆ ಗಾಳಿಗೆ ಮರೆಯಾಗಿದ್ದ ಎಡಗಡೆಯ ಬಾಗಿಲು ತೆರೆಯಿತು. ಅಲ್ಲಿಂದ ಒಳಹೊಕ್ಕು, ಎಂಜಿನ್ ಚಾಲೂ ಮಾಡಿ, ಹೀಟರಿನ ಗಾಳಿಯನ್ನು ಗಾಜಿನತ್ತ ತಿರುಗಿಸಿ ಕಾದೆ. ಈ ವಿನ್ಯಾಸ ಮಾಡಿದವರು ಹೆಪ್ಪುಗಟ್ಟುವ ಒಂದು ಬೆಳಗನ್ನಾದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೂ ಚೌಕಟ್ಟು ಇದ್ದಿದ್ದರೆ ಛಾವಣಿಯಿಂದ ಹಿಂಭಾಗಕ್ಕೆ ಇಳಿಯುವ ಆ ರೇಖೆ ಇಷ್ಟು ಚೆಲುವಾಗಿ ಇರುತ್ತಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಸಂಜೆ ಪಟ್ಟಿಯನ್ನು ಒಣಬಟ್ಟೆಯಿಂದ ಒರೆಸಿ ತೆಳ್ಳಗೆ ಸಿಲಿಕೋನ್ ಸವರುವುದು ಈ ತೊಂದರೆಗೆ ನಾನು ಕಂಡಿರುವ ಒಳ್ಳೆಯ ಉಪಾಯ.

ಇನ್ನು ಟೈರು. ಬೇಸಿಗೆಯ ಟೈರಿನ ರಬ್ಬರು ಉಷ್ಣಾಂಶ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಂತೆ ಬಿರುಸಾಗುತ್ತಾ ಹೋಗುತ್ತದೆ. ಸ್ಪೋರ್ಟ್ಸ್ ಕಾರಿನ ಜೊತೆ ಬರುವ ಅಗಲವಾದ ಟೈರುಗಳಲ್ಲಿ ಈ ದೋಷ ಇನ್ನೂ ಹೆಚ್ಚು. ಚಳಿಗಾಲದ ಟೈರಿನ ರಬ್ಬರು ಚಳಿಯಲ್ಲೂ ಮೃದುವಾಗಿರುತ್ತದೆ, ಅದರ ಮೈಮೇಲೆ ಕೊರೆದಿರುವ ಸಣ್ಣ ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಟೈರಿನ ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತನ್ನು ಹುಡುಕಿ. ಹಿಮದ ಮೇಲಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ಟೈರಿಗೆ ಮಾತ್ರ ಅದು ಸಿಗುತ್ತದೆ. ಬರೀ ‘ಎಂ ಪ್ಲಸ್ ಎಸ್’ (ಕೆಸರು ಮತ್ತು ಹಿಮ) ಎಂದು ಬರೆದಿದ್ದರೆ ಅಂಥ ಪರೀಕ್ಷೆಯ ಖಾತರಿ ಇರುವುದಿಲ್ಲ. ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ ತಾನೇ ಎಂದು ಹಿಂದೆ ಮಾತ್ರ ಚಳಿಗಾಲದ ಟೈರು ಹಾಕಿಸುವುದು ಅಪಾಯಕರ, ಏಕೆಂದರೆ ಕಾರನ್ನು ತಿರುಗಿಸುವ ಕೆಲಸ ಪೂರ್ತಿಯಾಗಿ, ನಿಲ್ಲಿಸುವ ಕೆಲಸ ಬಹುಪಾಲು ಮುಂದಿನ ಚಕ್ರಗಳದ್ದು. ನಾಲ್ಕೂ ಒಂದೇ ಬಗೆಯವಾಗಿರಬೇಕು. ಸಾಧ್ಯವಿದ್ದರೆ ತಯಾರಕರು ಒಪ್ಪುವ ಅಳತೆಗಳಲ್ಲೇ ಕಿರಿದಾದುದನ್ನು ಆರಿಸಿ, ಕಿರಿದಾದ ಟೈರು ಹಿಮವನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲವನ್ನು ತಲುಪುತ್ತದೆ. ಉಷ್ಣಾಂಶ 10 ಡಿಗ್ರಿ ಇಳಿದರೆ ಟೈರಿನೊಳಗಿನ ಒತ್ತಡವೂ ಒಂದೂವರೆಯಿಂದ 2 ಪಿಎಸ್ಐನಷ್ಟು ಇಳಿಯುವುದರಿಂದ ಗಾಳಿಯನ್ನು ಆಗಾಗ ನೋಡಿಸುತ್ತಿರಬೇಕು.

ಕಾರು ಹೊರಟಿತು. ಎರಡನೆಯ ಗೇರಿನಲ್ಲಿ ಹೊರಡುವುದರಿಂದ ಚಕ್ರಕ್ಕೆ ತಲುಪುವ ತಿರುಚುಬಲ ಕಡಿಮೆಯಾಗಿ ಅದು ಸುಮ್ಮನೆ ಸುತ್ತುವುದು ತಪ್ಪುತ್ತದೆ. ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲನ್ನು ಹಿಮದಲ್ಲಿ ಎಂದೂ ಆಫ್ ಮಾಡಬಾರದು ಎಂಬುದು ನನ್ನ ನಿಯಮ. ಆದರೆ ಈ ದೃಶ್ಯವನ್ನೇ ನೋಡಿ: ಚಕ್ರಗಳು ಹಿಮದಲ್ಲಿ ಹೂತಿವೆ, ಅವು ಜಾರಿದೊಡನೆ ಆ ವ್ಯವಸ್ಥೆ ಎಂಜಿನ್ನಿನ ಶಕ್ತಿಯನ್ನು ಪೂರ್ತಿ ಕತ್ತರಿಸುತ್ತಿದೆ, ಕಾರು ಹಿಂದೆಯೂ ಇಲ್ಲ ಮುಂದೆಯೂ ಇಲ್ಲ. ಇಲ್ಲಿ ಅದನ್ನು ಆಫ್ ಮಾಡಿ, ಕಾರನ್ನು ಹಿಂದೆ ಮುಂದೆ ಮೆಲ್ಲಗೆ ತೂಗಿ ಹೊರತಂದು, ಕೂಡಲೇ ಮತ್ತೆ ಚಾಲೂ ಮಾಡಿದೆ. ಆದ್ದರಿಂದ ನಿಯಮವನ್ನು ತಿದ್ದಿ ಹೇಳುತ್ತೇನೆ: ಹೂತಾಗ ಆಫ್ ಮಾಡಿ, ಓಡುವಾಗ ಬೇಡ.

ಏರಿನಲ್ಲಿ ತೂಕದ ಪ್ರಶ್ನೆ ಬರುತ್ತದೆ. ಎಂಜಿನ್ ಮುಂದಿದ್ದು ಚಾಲನೆ ಹಿಂದಿರುವ ಕಾರಿನಲ್ಲಿ ಹಿಂದಿನ ಚಕ್ರಗಳ ಮೇಲೆ ಬೀಳುವುದು ಸಾಮಾನ್ಯವಾಗಿ ಒಟ್ಟು ತೂಕದ ಸುಮಾರು ಅರ್ಧದಷ್ಟು. 1963ರಲ್ಲಿ ಮೊದಲು ಪ್ರದರ್ಶನಗೊಂಡ ಪೋರ್ಷೆ 911 ಈ ವಿಷಯದಲ್ಲಿ ನನಗೆ ಬಹಳ ಪ್ರಿಯ: ಅದರ ಎಂಜಿನ್ ಹಿಂದಿನ ಅಚ್ಚಿನ (ಆಕ್ಸಲ್) ಆಚೆಗೇ ಕೂತಿದೆ, ತೂಕದ ಸುಮಾರು 60 ಶೇಕಡಾ ಹಿಂದಿನ ಚಕ್ರಗಳ ಮೇಲಿದೆ, ಹಾಗಾಗಿ ಒಳ್ಳೆಯ ಟೈರು ಹಾಕಿದ 911 ಹಿಮದ ಏರನ್ನು ಹತ್ತುವುದನ್ನು ನೋಡುವುದೇ ಒಂದು ಸಂತೋಷ. ಅದರ ಬಗ್ಗೆ ಇನ್ನೂ ಹೇಳಬಹುದಿತ್ತು, ಆದರೆ ಏರು ಮುಗಿಯುತ್ತಿದೆ. ಹಿಂದಿನ ಚಕ್ರಗಳ ಮೇಲೆ ತೂಕ ಹೆಚ್ಚಿಸಲು ಡಿಕ್ಕಿಯಲ್ಲಿ ಮರಳಿನ ಚೀಲ ಇಡುವವರು ಅದನ್ನು ಆದಷ್ಟೂ ಅಚ್ಚಿನ ನೇರಕ್ಕೆ ಇಟ್ಟು ಬಿಗಿಯಾಗಿ ಕಟ್ಟಬೇಕು. ತೀರಾ ಹಿಂದಿಟ್ಟರೆ ತಿರುವಿನಲ್ಲಿ ಹಿಂಭಾಗವನ್ನು ಹೊರಕ್ಕೆ ಎಳೆಯುವುದು ಆ ತೂಕವೇ.

ಈಗ ಇಳಿಜಾರು. ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲನ್ನು ಥಟ್ಟನೆ ತೆಗೆದರೆ, ಅಥವಾ ಗೇರನ್ನು ಒರಟಾಗಿ ಇಳಿಸಿದರೆ, ಎಂಜಿನ್ನಿನ ತಡೆಯೆಲ್ಲ ಹಿಂದಿನ ಚಕ್ರಗಳ ಮೇಲೇ ಬಿದ್ದು ಅವು ಹಿಡಿತ ಕಳೆದುಕೊಳ್ಳುತ್ತವೆ. ಹಿಂಭಾಗ ಎಡಕ್ಕೆ ಜಾರಿದರೆ ಸ್ಟೀರಿಂಗನ್ನೂ ಎಡಕ್ಕೇ ತಿರುಗಿಸಿ, ಕ್ಲಚ್ ಒತ್ತಿ, ಕಾರು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ದೃಷ್ಟಿ ನೆಡಬೇಕು. ಕಾರು ನೇರವಾಗತೊಡಗಿದಂತೆ ಸ್ಟೀರಿಂಗನ್ನೂ ಮತ್ತೆ ನೇರಕ್ಕೆ ತರದಿದ್ದರೆ ಕಾರು ಇನ್ನೊಂದು ದಿಕ್ಕಿಗೆ ಮೊದಲಿಗಿಂತ ರಭಸದಿಂದ ಬೀಸುತ್ತದೆ.

ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ ಕಾರು ಹೊರಡುವುದರಲ್ಲಿ ನನ್ನ ಕಾರಿಗಿಂತ ಎಷ್ಟೋ ಮುಂದು. ಅದನ್ನು ಅಲ್ಲಗಳೆಯುವುದು ಹಟವಾಗುತ್ತದೆ. ಆದರೆ ನಿಲ್ಲುವುದಕ್ಕೆ ಎಲ್ಲ ಕಾರುಗಳಿಗೂ ಇರುವುದು ನಾಲ್ಕು ಚಕ್ರಗಳ ಬ್ರೇಕೇ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು ಒಣ ಡಾಂಬರಿನ ಮೇಲೆ ಬ್ರೇಕು ಒತ್ತಿದ ಮೇಲೆ ಸುಮಾರು 12 ಮೀಟರಿನಲ್ಲಿ ನಿಂತರೆ, ತುಳಿದು ಗಟ್ಟಿಯಾದ ಹಿಮದ ಮೇಲೆ 40 ಮೀಟರ್, ನುಣುಪಾದ ಮಂಜುಗಡ್ಡೆಯ ಮೇಲೆ 100 ಮೀಟರಿನ ಹತ್ತಿರ ಬೇಕಾಗುತ್ತದೆ. ಸೊನ್ನೆ ಡಿಗ್ರಿಯ ಆಸುಪಾಸಿನ ಮಂಜುಗಡ್ಡೆ ಕಡು ಚಳಿಯ ಮಂಜುಗಡ್ಡೆಗಿಂತ ಹೆಚ್ಚು ಜಾರುತ್ತದೆ, ಅದರ ಮೇಲೆ ತೆಳುವಾದ ನೀರಿನ ಪದರ ಇರುವುದೇ ಕಾರಣ. ಥರ್ಮಾಮೀಟರ್ ಸ್ವಲ್ಪ ಏರಿತೆಂದು ವೇಗ ಹೆಚ್ಚಿಸುವವರನ್ನು ಕಂಡರೆ ನನಗೆ ನಿಜವಾಗಿಯೂ ಭಯವಾಗುತ್ತದೆ.

ಸ್ಟೀರಿಂಗ್ ನಡುಗುತ್ತಿರುವುದು ಚಕ್ರದ ಒಳಬದಿಯಲ್ಲಿ ಹಿಮ ಗಟ್ಟಿಯಾಗಿ ಅಂಟಿಕೊಂಡು ಸಮತೋಲ ತಪ್ಪಿರುವುದರಿಂದ. ಕಾರು ನಿಲ್ಲಿಸಿ ಮರದ ಕಡ್ಡಿಯಿಂದ ಕೆರೆದು ತೆಗೆದರೆ ಸಾಕು. ಉಪ್ಪು ಚೆಲ್ಲಿದ ರಸ್ತೆಯಲ್ಲಿ ಓಡಿಸಿದ ಮೇಲೆ ಕಾರಿನ ಅಡಿಯನ್ನು ತೊಳೆಯದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ. ತೊಳೆಯುವ ದೃಶ್ಯದಲ್ಲಿ ನೀರಿನ ಸದ್ದೇ ಜೋರಾಗಿರುವುದರಿಂದ ನನ್ನ ನಿರೂಪಣೆಯನ್ನು ಇಲ್ಲಿಗೆ ನಿಲ್ಲಿಸುತ್ತೇನೆ.